ಮೊದಲು ತಣ್ಣೀರು

ಇಗೋ ನಿಮ್ಮ ಪುಸ್ತಕ, ಟ್ರೆಂಬತ್ ಅವರೇ.
ಎರಡು ಪೌಂಡು ವಾಪಸ್ಸು ಬೇಡ, ನನ್ನ ದೂರು ಕೇಳಿಸಿಕೊಳ್ಳಿ ಸಾಕು.
ಇಡೀ ಪೆನ್ಜಾನ್ಸಿನಲ್ಲಿ ಇದನ್ನೋದದವಳು ನೀನೊಬ್ಬಳೇ ಮೊರ್ವೆನಾ, ಅಂದಿರಿ.
ಒಂದು ಎಳೆ ಸಡಿಲವಿಲ್ಲ, ನೇಯ್ದರೆ ಹೀಗೆ ನೇಯಬೇಕು, ಅಂದಿರಿ.
ತೊಂಬತ್ತು ವರ್ಷದಲ್ಲಿ ಕೊಲೆಗಾರ ಯಾರೆಂದು
ಮೊದಲೇ ಹೇಳಿದವರಿಲ್ಲ, ಅಂದಿರಿ.

ಓದಿದೆ. ಹೋಟೆಲಿನ ನೆಲಮಾಳಿಗೆಯಲ್ಲಿ, ರಾತ್ರಿ ಪಾಳಿಯಲ್ಲಿ,
ಡ್ರೈಯರಿನ ಬೆಚ್ಚನೆ ಬೆನ್ನಿಗೆ ಒರಗಿಕೊಂಡು.

ಚೆನ್ನಾಗಿಯೇ ಇತ್ತು, ಸುಳ್ಳು ಯಾಕೆ.
ಹಿಮ ಮುಚ್ಚಿದ ಬಂಗಲೆ. ಹೊರಗೆ ಹೋದ ಹೆಜ್ಜೆ ಒಂದೂ ಇಲ್ಲ.
ಊಟದ ಗಂಟೆಗೆ ಕೆಳಗಿಳಿದು ಬಾರದ ಕರ್ನಲ್,
ಕಿವುಡಿಯಂತೆ ನಟಿಸುವ ಹೆಂಡತಿ, ಸಾಲ ಮಾಡಿಕೊಂಡ ಅಳಿಯ,
ಬೆಳ್ಳಿ ಹಿಡಿಯ ಕೋಲೂರಿ ಬರುವ ಪತ್ತೇದಾರ:
ಪಿಯಾನೋದ ಒಂದು ಸ್ವರ ಒರಟಾಯಿತೆಂದು
ಅದರ ಹೊಟ್ಟೆಯೊಳಗಿಂದ ಬೀರುವಿನ ಕೀಲಿ ತೆಗೆಯುತ್ತಾನೆ.
ಭಲೆ, ಅಂದುಕೊಂಡೆ.

ಕೊನೆಯ ಅಧ್ಯಾಯ. ಎಲ್ಲರನ್ನೂ ಬೆಂಕಿಗೂಡಿನ ಮುಂದೆ ಕೂರಿಸಿದ.
ನಾನೂ ಕೂತೆ, ಮಡಚದ ಟವೆಲು ರಾಶಿ ಪಕ್ಕಕ್ಕೆ ತಳ್ಳಿ.
"ಹಾಸಿಗೆಯ ಮೇಲೆ ಕೊಲೆ. ಹಾಸು ಮಾತ್ರ ಹಾಲುಬಿಳಿ!
ಯಾಕೆಂದರೆ ಅದನ್ನು ಅರ್ಧ ಗಂಟೆ
ಕುದಿಯುವ ನೀರಿನಲ್ಲಿ ಅದ್ದಿಟ್ಟಿದ್ದರು. ಆ ರಾತ್ರಿ
ಬಾಯ್ಲರು ಹೊತ್ತಿಸಬಲ್ಲವನು ಅಳಿಯನೊಬ್ಬನೇ."
ಹೆಂಡತಿ ಮೂರ್ಛೆ ಹೋದಳು.
ನಾನು ನಕ್ಕೆ.

ನಿಮ್ಮ ದಿಂಬಿನ ಚೀಲ ನೀವು ಎಂದಾದರೂ ಒಗೆದಿದ್ದೀರಾ, ಟ್ರೆಂಬತ್ ಅವರೇ?
ರಕ್ತಕ್ಕೆ ಬಿಸಿನೀರು ಸೋಕಿತೋ, ಕತೆ ಮುಗಿಯಿತು.
ಮೊಟ್ಟೆಯ ಹಾಗೆ ಬೇಯುತ್ತದೆ ನೂಲಿನೊಳಗೆ,
ಕಂದಾಗಿ ಕೂತು, ಬಟ್ಟೆಯ ಜೊತೆಗೇ ಸಾಯುತ್ತದೆ.
ಮೊದಲು ತಣ್ಣೀರು. ಆಮೇಲೆ ಉಪ್ಪು. ಆಮೇಲೆ ರಟ್ಟೆ.
ಹನ್ನೆರಡು ದಾಟಿದ ಯಾವ ಹುಡುಗಿಯನ್ನು ಕೇಳಿದರೂ ಹೇಳುತ್ತಾಳೆ.
ಬೆಳ್ಳಿ ಕೋಲಿನವನಿಗೆ ಗೊತ್ತಿಲ್ಲ. ಬರೆದವನಿಗೂ ಗೊತ್ತಿಲ್ಲ.
ಓದಿದ ಹೆಂಗಸರಿಗೆ ಗೊತ್ತಿತ್ತೇನೋ,
ದೊಡ್ಡವರ ಪುಸ್ತಕ, ನಮಗೇಕೆ ಎಂದು ಸುಮ್ಮನಾದರೇನೋ.

ಬೆಟ್ಟ ಅಗೆದು ಇಲಿ ಹಿಡಿದಿದ್ದರೆ ಬೇಜಾರಿರಲಿಲ್ಲ.
ಇಲಿ ಇನ್ನೂ ಬೆಟ್ಟದಲ್ಲೇ ಇದೆ.
ಅಳಿಯನನ್ನು ಮಾತ್ರ ಗಲ್ಲಿಗೇರಿಸಿದರು,
ಕೊನೆಯ ಪುಟದಲ್ಲಿ, ಒಂದೇ ಸಾಲಿನಲ್ಲಿ.

ಮನೆಗೆ ಹೋದರೂ ನಿದ್ದೆ ಹತ್ತಲಿಲ್ಲ. ಮತ್ತೆ ತಿರುವಿದೆ.
ಪುಟ ನಲವತ್ತೊಂದು: ಕರ್ನಲನ ಕೋಣೆಗೆ ಕಲ್ಲಿದ್ದಲು ಒಯ್ಯಲು
ಹಳೆಯ ಕೆಲಸದವಳು ಒಲ್ಲೆನೆಂದಳು; ಹೊಸ ಹುಡುಗಿ ಹೋದಳು.
ಯಾಕೆ ಒಲ್ಲೆನೆಂದಳು? ಬರೆದಿಲ್ಲ.
ಪುಟ ಎಂಬತ್ತಾರು: ಹುಡುಗಿ ಹಾಸು ಬದಲಿಸಿದಳು.
ಅವಳ ಕೈ ಚಳಿಗೆ ಕೆಂಪಾಗಿತ್ತು.
ಅಷ್ಟೇ. ಹೆಸರಿಲ್ಲ. ಬೆಂಕಿಗೂಡಿನ ಮುಂದೆ ಅವಳಿಗೆ ಕುರ್ಚಿಯಿಲ್ಲ.

ಯಾವ ಚಳಿಗೆ?
ಜನವರಿಯ ನಡುರಾತ್ರಿ, ತೊಟ್ಟಿಯ ಮಂಜುಗಡ್ಡೆ ಒಡೆದು
ಮೊಣಕೈವರೆಗೆ ಮುಳುಗಿಸಿದರೆ ಹತ್ತುವ ಕೆಂಪು ಅದು.
ಇಲ್ಲಿ ನೋಡಿ, ನನ್ನ ಕೈ.

ಅವಳು ಎಲ್ಲಿಗೂ ಓಡಲಿಲ್ಲ. ಹಿಮದಲ್ಲಿ ಹೆಜ್ಜೆ ಎಲ್ಲಿಂದ ಬರಬೇಕು?
ಬೆಳಗಾಗೆದ್ದು ಎಲ್ಲರಿಗೂ ಚಹಾ ತಂದಳು.
ಪತ್ತೇದಾರನಿಗೂ. ಎರಡು ಚಮಚ ಸಕ್ಕರೆ.
ಅವನು ತಲೆಯೆತ್ತದೆ ತಗೊಂಡ.

ಅಳಿಯನ ಕುತ್ತಿಗೆ ನೆನೆದರೆ ಊರಿಗೆಲ್ಲ ಹೇಳಬೇಕೆನಿಸುತ್ತದೆ.
ಆ ಕೋಣೆಯ ಬಾಗಿಲು ನೆನೆದರೆ, ಬೇಡ.
ಎಂಬತ್ತಾರರ ಅಂಚಿನಲ್ಲಿ ಪೆನ್ಸಿಲಿನಲ್ಲಿ ಎರಡು ಪದ ಬರೆದಿದ್ದೆ,
ಬಸ್ಸಿನಲ್ಲಿ ಬರುತ್ತ ಅಳಿಸಿದೆ. ಗೀರು ಉಳಿದಿದೆ,
ಬೆಳಕಿಗೆ ಓರೆ ಹಿಡಿದರೆ ಕಾಣುತ್ತದೆ.

ಇಷ್ಟೇ ದೂರು. ನೀವು ಬರೆದುಕೊಳ್ಳಲಿಲ್ಲ, ಒಳ್ಳೆಯದೇ ಆಯಿತು.
ಪುಸ್ತಕ ಇದ್ದ ಜಾಗದಲ್ಲೇ ಇಡಿ,
ಕೆಳಗಿನ ಸಾಲಿನಲ್ಲಿ. ನೆಲ ಒರೆಸುವವರ ಕಣ್ಣಿಗೆ ಬೀಳುವಂತೆ.