ಹದಿನೈದು ಕಿಲೋ

ಚೀಲ ಮೆತ್ತಗಿರಬೇಕು, ಚಕ್ರ ಇರಬಾರದು,
ಹದಿನೈದು ಕಿಲೋ ದಾಟಬಾರದು, ಕ್ಯಾಮೆರಾ ಸೇರಿ.
ವಿಮಾನ ಅಷ್ಟು ಚಿಕ್ಕದಂತೆ;
ಹತ್ತುವ ಮುಂಚೆ ನಮ್ಮನ್ನೂ ತೂಗುತ್ತಾರಂತೆ.
ಪ್ರೇಮಾನಂದರು ಓದಿ ಹೇಳಿದರು, ಕನ್ನಡಕ ಹಣೆಗೇರಿಸಿ,
ಕೋಡಿಬಾಗದ ನಮ್ಮ ಮೂರನೇ ಮಹಡಿಯಲ್ಲಿ,
ಕಾಳಿಯ ಸೇತುವೆ ಮೇಲೆ ಗೋವಾದ ಲಾರಿಗಳು
ಹಲ್ಲು ಕಡಿಯುತ್ತಿದ್ದ ಹೊತ್ತು.

ನೀಲಿ ಬಟ್ಟೆ ಬೇಡ, ಕಪ್ಪೂ ಬೇಡ:
ನೀಲಿ ಕಂಡರೆ ಅಲ್ಲಿಯ ಒಂದು ಜಾತಿ ನೊಣ ಬಂದು ಕಚ್ಚುತ್ತದೆ.
ಕಪಾಟು ತೆರೆದು ನಿಂತೆ,
ಅರವತ್ತು ವರ್ಷ ಕಡಲ ಪಕ್ಕ ಬಾಳಿದವಳ ಕಪಾಟು.
ಮಣ್ಣಿನ ಬಣ್ಣದ್ದು ಒಂದೇ ಸಿಕ್ಕಿತು:
ಇವರ ಇಲಾಖೆಯ ಹಳೇ ಖಾಕಿ ಅಂಗಿ,
ಹೆಗಲ ಪಟ್ಟಿ ಕಿತ್ತಲ್ಲಿ ದಾರದ ಗುರುತು.
"ಹಾಕ್ಕೋ" ಅಂದರು. ಹಾಕಿಕೊಂಡೆ. ಇಬ್ಬರೂ ನಕ್ಕೆವು.

ಊಟದಲ್ಲಿ ಏನು ಬೇಡ ಎಂದು ಕೇಳುತ್ತದೆ ಫಾರಮ್ಮು.
ಏನು ಬೇಕು ಎಂದು ಕೇಳುವುದಿಲ್ಲ.
ಒಣ ಬಂಗಡೆ ಎಷ್ಟು ತೂಗೀತು, ಬಿಗಿಯಾಗಿ ಸುತ್ತಿದರೆ?

ಮೊದಲು ಯಾವ ಪ್ರಾಣಿ ನೋಡಲು ಇಷ್ಟ?
ಅಣಶಿಯ ಇಳಿಜಾರಿನಲ್ಲಿ ಮೂವತ್ತೊಂದು ವರ್ಷ
ಹಿಕ್ಕೆ ಎಣಿಸಿದವರು, ಹೆಜ್ಜೆಯ ಮೇಲೆ ಗಾಜಿಟ್ಟು ಗೆರೆ ಎಳೆದವರು,
ಉಂಬಳ ಕಿತ್ತ ಕಾಲಲ್ಲೇ ಕೂತು ವರದಿ ಬರೆದವರು,
ಹುಲಿಯನ್ನು ಕಂಡದ್ದು ಒಂದು ಸಲ, ಅದೂ ಬೆನ್ನು.
ಬಹಳ ಹೊತ್ತು ಯೋಚಿಸಿ ತುಂಬಿದರು:
ಎಣಿಸಬೇಕಾಗಿಲ್ಲದ ಯಾವುದಾದರೂ.

ದುಡ್ಡು ಯಾವುದೆಂದೂ ಹೇಳಬೇಕು.
ಅಪ್ಪನ ಹೆಸರಿಗೆ ಬಂದದ್ದು,
ಅವನು ಸತ್ತು ಹದಿನೆಂಟು ವರ್ಷಕ್ಕೆ.
ನಮ್ಮ ಊರು ನೌಕಾನೆಲೆಯ ಬೇಲಿಯೊಳಗೆ ಹೋಯಿತಲ್ಲ,
ಆ ಗುಂಟೆಗಳಿಗೆ ಕೊಟ್ಟದ್ದು ಸಾಲದು ಎಂದು ಒಂದು ಕೋರ್ಟು ಹೇಳಿ,
ಹೌದೌದು ಎಂದು ಇನ್ನೊಂದು ಹೇಳಿ, ಆರು ಮಕ್ಕಳಲ್ಲಿ ಹರಿದು
ನನ್ನ ಪಾಲಿಗೆ ನಾಲ್ಕು ಲಕ್ಷ ಚಿಲ್ಲರೆ.
ಅಣ್ಣ ಬೋಟಿನ ಎಂಜಿನ್ನಿಗೆ ಹಾಕಿದ. ತಂಗಿ ಬಳೆ ಮಾಡಿಸಿದಳು.
ನನಗೆ ಅದರಲ್ಲಿ ಏನು ಕೊಂಡರೂ
ಮನೆಯೊಳಗಿಡಲು ಮನಸ್ಸಾಗಲಿಲ್ಲ.

ಅವರ ಪುಸ್ತಿಕೆಯ ಹನ್ನೊಂದನೇ ಪುಟ, ಸಣ್ಣ ಅಕ್ಷರ:
ಈ ಕಾಡು ಸರಕಾರದ್ದಲ್ಲ, ದನ ಕಾಯುವವರದು.
ಅವರು ಮನೆ ಬಿಚ್ಚಿಕೊಂಡು ಆಚೆ ಸರಿದಿದ್ದಾರೆ.
ತಿಂಗಳು ತಿಂಗಳು ಬಾಡಿಗೆ ಮುಟ್ಟುತ್ತದೆ.
ಆನೆಗಳಿಗೆ ಜಾಗವಾಗಿದೆ. ಡೇರೆಗಳು ಎಂಟೇ.

ಇವರು ಮಲಗಿದ ಮೇಲೆ ನಾನೇ ಕೂತು ಬರೆದೆ,
ನನ್ನ ಅಂಚೆ ಕಚೇರಿಯ ಇಂಗ್ಲಿಷಿನಲ್ಲಿ:
ಅವರು ಒಳಗೆ ಬರಬಹುದೆ? ಪಾಸು ಬೇಕೆ?
ನಾವು ವರ್ಷಕ್ಕೊಮ್ಮೆ ದೇವರಿಗೆ ಹೋಗುತ್ತೇವೆ,
ಗೇಟಿನಲ್ಲಿ ಫೋನು ಬಿಟ್ಟು, ಚೀಟಿ ತೋರಿಸಿ,
ಐದರೊಳಗೆ ಹೊರಗೆ. ಬಾವಿಕಟ್ಟೆ ಇದೆ, ರಾಟೆ ಇಲ್ಲ.
ಇದನ್ನೆಲ್ಲ ಬರೆದು ಅಳಿಸಿದೆ. ಪ್ರಶ್ನೆ ಮಾತ್ರ ಕಳಿಸಿದೆ.

ಮೂರನೇ ದಿನ ನಾಸೇರಿಯನ್ ಎಂಬಾಕೆ ಉತ್ತರಿಸಿದಳು,
ಅಲ್ಲಿಯವರೆಗೆ ಬರೀ ರೇಟು ತಿಳಿಸುತ್ತಿದ್ದವಳು.
ಬರುತ್ತೇವೆ, ಹುಲ್ಲು ಒಣಗುವ ತಿಂಗಳಲ್ಲಿ, ದನ ಹೊಡೆದುಕೊಂಡು.
ಮಳೆ ಸರಿಯಾದ ವರ್ಷ ಜಗಳವಿಲ್ಲ.
ನಾಲ್ಕನೇ ಡೇರೆ ಇರುವಲ್ಲಿ ನನ್ನ ಅಜ್ಜಿಯ ಮನೆಯಿತ್ತು.
ನದಿ ಚೆನ್ನಾಗಿ ಕಾಣುತ್ತದೆ. ನಿಮಗೆ ಅದನ್ನೇ ಇಡಲೆ?

"ನದಿ ಕಾಣ್ತದಂತೆ" ಅಂದರು ಪ್ರೇಮಾನಂದರು. "ರೇಟೂ ಅದೇ."
ಐದನೆಯದು ಸಾಕು ಎಂದು ಬರೆದೆ.
ಅವಳು ಕಾರಣ ಕೇಳಲಿಲ್ಲ.
ನಿಮ್ಮ ತೂಕ ಎಷ್ಟು ಎಂದಷ್ಟೇ ಕೇಳಿದಳು.

ಹಳದಿ ಜ್ವರದ ಸೂಜಿ ಚುಚ್ಚಿಸಿಕೊಂಡ ತೋಳು ಇನ್ನೂ ನೋಯುತ್ತಿತ್ತು,
ಚೀಲ ಹೊತ್ತು ಬೈತಖೋಲಿಗೆ ಹೋದೆವು.
ಶಾಂತೂ ಹರಿಕಂತ್ರನ ತಕ್ಕಡಿ, ಸುರಮಯಿ ತೂಗುವ ಕೊಕ್ಕೆ.
ಹದಿನಾರೂವರೆ.
ಏನು ತೆಗೀತೀರಿ, ಎಂದ ಶಾಂತೂ, ಏಡಿ ಆರಿಸುತ್ತ.
ಒದ್ದೆ ಹಲಗೆಯ ಮೇಲೇ ಜಿಪ್ಪು ಬಿಚ್ಚಿದೆ:
ದುರ್ಬೀನು, ಗುಳಿಗೆ, ಟಾರ್ಚು, ಬಂಗಡೆಯ ಪೊಟ್ಟಣ,
ತಳದಲ್ಲಿ, ಟವೆಲ್ಲಿನಲ್ಲಿ ಸುತ್ತಿ, ನನಗೆ ಹೇಳದೆ ಇಟ್ಟ
ಹೆಜ್ಜೆ ಗುರುತಿನ ಆ ಗಾಜು.
ಇವರು ಕಡಲ ಕಡೆ ನೋಡುತ್ತಿದ್ದರು.

ಬಂಗಡೆ ತೆಗೆದೆ. ನನ್ನದೊಂದು ಸೀರೆ ತೆಗೆದೆ. ಗಾಜು ಇರಲಿ ಅಂದೆ.
ಮುಳ್ಳು ಹದಿನೈದರ ಮೇಲೆ ನಡುಗಿ ನಿಂತಿತು.

ಮನೆಗೆ ಬಂದು ನೋಡಿದರೆ
ಚೀಲದ ಅಡಿಗೆ ನಾಲ್ಕಾರು ಮೀನಿನ ಹುರುಪೆ ಅಂಟಿದ್ದವು.