ತಂತಿಯ ಪಾಲು

ಕೈ ಒರೆಸಿಕೋ ಮೊದಲು, ಎಲ್ದಿಯಾರ್.
ಬೆರಳಿನ ಜಿಡ್ಡೂ ಉರಿಯುತ್ತದೆ ಅಲ್ಲಿ,
ಕಲ್ಲಿದ್ದಲ ಲೆಕ್ಕಕ್ಕೆ ಸೇರಿಬಿಡುತ್ತದೆ.
ನೀನು ತಿಂದ ಬೆಣ್ಣೆಗೆ ಗಣಿಯವರು ಕಾಸು ಎಣಿಸಬಾರದು.

ಒಂದು ಗ್ರಾಮು ಪುಡಿ. ಒತ್ತಿ ಬಿಲ್ಲೆ ಮಾಡು,
ತೀರ ಗಟ್ಟಿ ಬೇಡ, ಉದುರಲೂ ಬಾರದು,
ಹಲ್ಲಿಲ್ಲದ ಮುದುಕನೂ ಕಚ್ಚಬಹುದಾದ ಕುರುತ್ ಉಂಡೆಯ ಹಾಗೆ.
ತೂಗು. ಮತ್ತೆ ತೂಗು. ಉಸಿರು ಹಿಡಿ,
ನಾಲ್ಕನೆಯ ದಶಮಾಂಶ ನಿನ್ನ ಉಸಿರಿಗೂ ಓಲಾಡುತ್ತದೆ.

ಇದು ನಿಕ್ರೋಮ್ ತಂತಿ, ಹತ್ತು ಸೆಂಟಿಮೀಟರು.
ಎರಡು ಕಂಬಗಳ ನಡುವೆ ಜೋಲಿಯಂತೆ ಕಟ್ಟು.
ಬಿಲ್ಲೆಗೆ ತಾಗಬೇಕು, ಬಟ್ಟಲಿಗೆ ತಾಗಬಾರದು,
ತಾಗಿದರೆ ಕಿಡಿ ಇಲ್ಲ, ಬರೀ ಮುನಿಸು.

ತಳಕ್ಕೆ ಒಂದು ಮಿಲಿಲೀಟರು ಬಟ್ಟಿಯಿಳಿಸಿದ ನೀರು.
ಮುಚ್ಚಳ ಕೈಯಿಂದಲೇ ತಿರುಗಿಸು; ಸ್ಪ್ಯಾನರ್ ಅಲ್ಲೇ ಇರಲಿ.
ಈಗ ಆಮ್ಲಜನಕ. ಮೆಲ್ಲಗೆ, ಮೆಲ್ಲಗೆ.
ಮೂವತ್ತು ವಾತಾವರಣ ಅಂದರೆ
ಇಸಿಕ್-ಕುಲ್ ಸರೋವರದಲ್ಲಿ ಅರ್ಧದಾರಿ ಮುಳುಗಿದಾಗ
ಎದೆಯ ಮೇಲೆ ಕೂರುವ ಭಾರ.
ಬಾಂಬು ಅನ್ನುತ್ತಾರೆ ಇದನ್ನು. ಹೆದರಬೇಡ.
ಇಪ್ಪತ್ತಾರು ವರ್ಷದಲ್ಲಿ ಒಮ್ಮೆಯೂ ಸಿಡಿದಿಲ್ಲ.
ಸಿಡಿದದ್ದೆಲ್ಲ ಹೊರಗೆ.

ಎರಡು ಕಿಲೊ ನೀರೊಳಗೆ ಇಳಿಸು.
ಗುಳ್ಳೆ ಏಳುತ್ತಿದೆಯೇ? ಇಲ್ಲವೇ? ಸರಿ.
ಕಲಕುವ ರೆಕ್ಕೆ ತಿರುಗಲಿ.
ಅರ್ಧ ನಿಮಿಷಕ್ಕೊಮ್ಮೆ ಭೂತಗನ್ನಡಿಯಲ್ಲಿ ಪಾದರಸ ಓದು,
ಬರೆ. ಏನೂ ಆಗದಿದ್ದರೂ ಬರೆ.
ಏನೂ ಆಗದ ಹೊತ್ತಿಗೂ ಒಂದು ಓರೆ ಇರುತ್ತದೆ,
ಈ ಕೋಣೆ, ಆ ಒಲೆ, ನಿನ್ನ ಮೈ
ಕದ್ದುಮುಚ್ಚಿ ನೀರಿಗೆ ಸೋರಿಸಿದ್ದು.

ಹತ್ತನೆಯ ಓದಿಗೆ ಗುಂಡಿ ಒತ್ತು.

ಸದ್ದಿಲ್ಲ, ನೋಡು.
ಕಾಡಾಗಿದ್ದ ಕಾಲದಿಂದ ಕೂಡಿಟ್ಟದ್ದು
ಎರಡು ಸೆಕೆಂಡಿಗೆ ಮುಗಿಯಿತು.
ನೀರಿಗೆ ಸುದ್ದಿ ತಡವಾಗಿ ಮುಟ್ಟುತ್ತದೆ.
ಎದ್ದಿತು! ಓದು, ಮಾತಾಡಬೇಡ, ಮಾತು ನನಗಿರಲಿ.

ಎರಡು ಡಿಗ್ರಿ ಏರಬೇಕು ಈ ಗಣಿಯ ಮಾಲಿಗೆ.
ಆ ವರ್ಷ ಏರಲಿಲ್ಲ. ಒಂದೂ ಮುಕ್ಕಾಲಿಗೇ ನಿಂತಿತು.
ಜಾಕಿಪ್‌ಬೆಕ್ ಬಂದು ಕೂತಿದ್ದ ಈ ಸ್ಟೂಲಿನ ಮೇಲೆ,
ಮೇಜಿನ ಮೇಲೆ ಪತ್ರಿಕೆಯಲ್ಲಿ ಸುತ್ತಿದ ಕುರಿಯ ತೊಡೆ.
"ಬುರುಲ್ಚಾ, ಪಾದರಸಕ್ಕೇನು ಗೊತ್ತು" ಅಂದ.
ಎರಡು ಎಂದು ಬರೆದೆ.
ಪೆನ್ನಿನಲ್ಲಿ ಬರೆದೆ.

ಆ ಕಲ್ಲಿದ್ದಲು ಹೋದದ್ದು ಸೇತುವೆಯಾಚೆಯ ಶಾಲೆಗೆ.
ಜನವರಿ. ನಾರಿನ್ ನದಿ ದಡದಿಂದ ದಡಕ್ಕೆ ಕಲ್ಲು.
ಬಾಯ್ಲರು ನನ್ನ ಅಂಕಿಯನ್ನು ಓದಲಿಲ್ಲ.
ಮಕ್ಕಳು ಕೋಟು ತೊಟ್ಟೇ ಮಗ್ಗಿ ಹೇಳಿದರು.
ಶಾಯಿ ಹೆಪ್ಪುಗಟ್ಟಿತೆಂದು ಪೆನ್ನು ಬಾಯಲ್ಲಿಟ್ಟುಕೊಂಡು
ಮನೆಗೆ ಬಂದಳು ನನ್ನ ಕಾನಿಮೆತ್,
ತುಟಿಯೆಲ್ಲ ನೀಲಿ. ಶಾಯಿಯೋ ಚಳಿಯೋ,
ಒರೆಸಿ ನೋಡಿದೆ.
ಎರಡೂ.

ಕುರಿಯ ತೊಡೆ ಆಗಲೇ ತಿಂದಾಗಿತ್ತು.

ಹೂಂ, ನಿಂತಿತೇ? ಇಳಿಯತೊಡಗಿತೇ? ಇನ್ನೂ ಹತ್ತು ಓದು.
ಆಮೇಲೆ ಎತ್ತಿ, ಒರೆಸಿ, ಗಾಳಿ ಬಿಡು,
ಪೂರ್ತಿ ಒಂದು ನಿಮಿಷ, ಮಲಗಿದ ಯಾಕ್ ಉಸಿರು ಬಿಟ್ಟ ಹಾಗೆ.
ಒಳಗೆ ಮಸಿ ಕಂಡರೆ ಎಲ್ಲ ಎಸೆದು ಮೊದಲಿಂದ.
ಇಲ್ಲವಾದರೆ ಉಳಿದ ತಂತಿಯ ಚೂರು ಹೆಕ್ಕು,
ನೆಟ್ಟಗೆ ಮಾಡಿ ಅಳೆ.
ಉರಿದುಹೋದ ತಂತಿಯ ಬಿಸಿ ತಂತಿಯದೇ.
ಕಿಡಿ ಹಚ್ಚಿದ್ದರ ಪಾಲು ಕಳೆಯದೆ
ಕಲ್ಲಿದ್ದಲ ಹೆಸರಿಗೆ ಒಂದು ಜೂಲ್ ಕೂಡ ಬರೆಯಬೇಡ.

ಇವತ್ತು ಲಾರಿ ಬರುವುದಿಲ್ಲ, ಕಣಿವೆಯಲ್ಲಿ ಹಿಮ.
ಆ ಡಬ್ಬಿ ತಾ. ತೆಜೆಕ್, ಯಾಕ್ ಸಗಣಿಯ ಕುಳ್ಳು,
ನನ್ನ ನಾದಿನಿ ತಟ್ಟಿದ್ದು. ನಗಬೇಡ.
ಆ ಚಳಿಗಾಲ ಪೂರ್ತಿ ಕಾನಿಮೆತ್
ಅವಳ ಒಲೆಯ ಮುಂದೆ ಕೂತು ಲೆಕ್ಕ ಕಲಿತಳು.
ಆ ಬಿಸಿ ಎಷ್ಟೆಂದು ನಾನು ಈವರೆಗೆ ಅಳೆದಿಲ್ಲ.

ಕೈ ಒರೆಸಿಕೋ. ಪುಡಿ ಮಾಡು. ತೂಗು.
ಪೆನ್ಸಿಲ್ ಬೇಡ,
ಆ ಪೆನ್ನು ಕೊಡು.