ಷರಾ

ಮೂವತ್ತೊಂದು ವರ್ಷ ರೋಣದ ಪುರಸಭೆಯಲ್ಲಿ
ಹುಟ್ಟು ಸಾವು ಬರೆದ ಕೈ ಇದು.
ಇಲ್ಲಿ, ಜಿಲಾಂಗಿನ ದಾಖಲೆಮನೆಯಲ್ಲಿ,
ಪೆನ್ನು ಒಳಗೆ ಬಿಡುವುದಿಲ್ಲ. ಸೀಸದಕಡ್ಡಿ ಕೊಟ್ಟರು,
ಮೊಂಡು.

ಹುಡುಕಲು ಬಂದ ಹೆಸರು ಅಡಿವೆಪ್ಪ.
ಮುತ್ತಜ್ಜಿ ನೀಲವ್ವನ ಗಂಡ, ಬಳ್ಳಾರಿ ದಂಡಿನ ಲಾಯದವನು.
ಹಡಗು ಹತ್ತಿ ಕುದುರೆ ತರಲು ಹೋದ,
ಕುದುರೆ ಬಂದವು, ಅವನು ಬರಲಿಲ್ಲ.
ಮನೆಯಲ್ಲಿ ಅವನ ಚರಿತ್ರೆ ಇಷ್ಟೇ, ಒಂದೂವರೆ ಸಾಲು.
ಮಿಕ್ಕದ್ದು ಬೈಗುಳ.

ಗಳಿಕೆ ರಜೆಯ ದುಡ್ಡು ಸುರಿದು ಬಂದವಳು
ಎರಡು ದಿನ ಎ ಅಕ್ಷರದಲ್ಲೇ ಅಲೆದೆ.
ಮೂರನೆಯ ದಿನ ಆಸ್ಪತ್ರೆಯ ಪಟ್ಟಿಯೊಂದರಲ್ಲಿ:
ಆಡಿ ವೀಪರ್, ಕುದುರೆಯಾಳು, ಇಂಡಿಯಾ.
ಎಡ ಪಕ್ಕೆ. ಒದೆ.

ಬಾಯಿಬಿಟ್ಟು ಓದಿದೆ. ಇನ್ನೊಮ್ಮೆ, ನಿಧಾನ.
ಆಡಿ ವೀಪರ್. ಅಡಿವೀಪ. ಅಡಿವೆಪ್ಪ.
ಪಕ್ಕದ ಮೇಜಿನ ಮುದುಕ ಕನ್ನಡಕ ತೆಗೆದು ನೋಡಿದ.
ವೀಪರ್ ಅಂದರೆ ಅಳುವವನು, ಎಂದಳು
ಕಟ್ಟು ತಂದುಕೊಟ್ಟ ಟೆಸ್ಸಾ,
ತಾನೇ ತಪ್ಪು ಬರೆದವಳ ಹಾಗೆ.

ಗುಮಾಸ್ತನ ಮೇಲೆ ನನಗೆ ಸಿಟ್ಟು ಬರಲಿಲ್ಲ.
ಊಟದ ಹೊತ್ತಾಗಿರಬೇಕು, ಅಕ್ಷರ ಬಾಗಿಲ ಕಡೆ ವಾಲಿವೆ.
ನಾನೂ ಬರೆದಿದ್ದೇನೆ, ಯಲ್ಲವ್ವನನ್ನು ಮಲ್ಲವ್ವ ಎಂದು,
ಬದುಕಿದ್ದ ಅಣ್ಣನನ್ನು ಸತ್ತ ತಮ್ಮನ ಸಾಲಿಗೆ.
ತಿದ್ದಿಸಲು ಬಂದವನಿಗೆ ಅಫಿಡವಿಟ್ ತಾ ಅಂದೆ.
ಮತ್ತೆ ಬರಲಿಲ್ಲ.
ಕಾಗದದಲ್ಲಿ ಸತ್ತವನು ರೇಷನ್ನು ಹೇಗೆ ತಂದನೋ.

ತುದಿ ಸಿಕ್ಕಿತು, ಉಳಿದದ್ದು ಹಂಜಿಯಿಂದ ನೂಲಿನ ಹಾಗೆ ಬಂತು.
ಮದುವೆ, ೧೮೯೬. ಹೆಣ್ಣು: ಆನೋರಾ ಕೀಗನ್,
ಬಟ್ಟೆ ಒಗೆಯುವವಳು, ಐರ್ಲೆಂಡ್.
ಗಂಡು: ಅವಿವಾಹಿತ.
ಸೀಸದಕಡ್ಡಿ ಮುರಿದದ್ದು ಅಲ್ಲಿ.
ಸಹಿಯ ಜಾಗದಲ್ಲಿ ಒಂದು ಗೀಟು, ಅದಕ್ಕಡ್ಡ ಇನ್ನೊಂದು.
ಮಕ್ಕಳು: ಪ್ಯಾಟ್ರಿಕ್. ಥಾಮಸ್.
ಆ ಥಾಮಸ್ ಹೋಗಿ ಇನ್ನೊಬ್ಬ ಥಾಮಸ್.
ನಾಲ್ಕನೆಯದು ಹೆಣ್ಣು,
ನೆಲ್ ಆವಾ.

ನೆಲ್ ಆವಾ!
ಆನೋರಾಗೆ ಗೊತ್ತಿತ್ತೇ?
ಹಿತ್ತಿಲಲ್ಲಿ ಬಟ್ಟೆ ಹರವುತ್ತ, ಉಣ್ಣಲು ಬಾರೇ ಎಂದು
ದಿನಕ್ಕೆ ಹತ್ತು ಸಲ ಕೂಗಿದ್ದು ಯಾರನ್ನೆಂದು?
ಇಲ್ಲ, ಅವನ ತಾಯಿಯೂ ನೀಲವ್ವನೇ ಇದ್ದಳೋ?
ನಮ್ಮ ಕಡೆ ಮೊಮ್ಮಗಳಿಗೆ ಅಜ್ಜಿಯ ಹೆಸರು.
ಅತ್ತೆಯ ಹೆಸರೇ ಇದ್ದರೆ ಸೊಸೆಯದನ್ನು ಬದಲಿಸುತ್ತಾರೆ,
ಬದಲಿಸದೆ ಬಿಡುವುದೂ ಉಂಟು.

ನಮ್ಮ ರಿಜಿಸ್ಟರಿಗೆ ಕೊನೆಯಲ್ಲೊಂದು ಕಲಮು, ಷರಾ.
ಹೇಳಲು ಏನೂ ಇಲ್ಲದಿದ್ದರೆ ಗೀಟೆಳೆಯಬೇಕು,
ಖಾಲಿ ಬಿಡುವ ಹಾಗಿಲ್ಲ.
ಇವರದರಲ್ಲೂ ಇದೆ.
ಗೀಟೂ ಇಲ್ಲ.

ಕೊನೆಯ ಕಟ್ಟು ೧೯೦೯ರದು.
ಬಿಳಿಯರ ದೇಶ ಬಿಟ್ಟು ಹೋದ ಕಂದು ಜನ
ಮರಳಿ ಒಳಬರಲು ಬೇಕಿದ್ದ ರಹದಾರಿ.
ಫೋಟೋ ಎರಡು, ಎದುರಿಂದೊಂದು, ಪಕ್ಕದಿಂದೊಂದು.
ನನ್ನ ತಮ್ಮನ ಕಿವಿ.
ಕೆಳಗೆ ಮಸಿ ಬಳಿದು ಒತ್ತಿಸಿದ ಇಡೀ ಎಡಗೈ.
ನನ್ನದನ್ನು ಮೇಲಿಡಹೋದೆ, ಟೆಸ್ಸಾ ಕೆಮ್ಮಿದಳು.
ಹೋಗುವ ಊರು: ಮದರಾಸು. ಅವಧಿ: ಮೂರು ವರ್ಷ.
ಅಡ್ಡಲಾಗಿ ಕೆಂಪು ಮುದ್ರೆ: ಬಳಸಿಲ್ಲ.

ಟಿಕೀಟಿನ ದುಡ್ಡು ಸಾಲಲಿಲ್ಲವೋ, ಪಕ್ಕೆಯ ನೋವೋ,
ಹುಡುಗಿಗೆ ಜ್ವರವೋ,
ಹೋಗಿ ಏನೆಂದು ಮುಖ ತೋರಿಸಲಿ ಎಂದೋ.
ನಾಲ್ಕು ವರ್ಷಕ್ಕೆ ಸತ್ತ. ಅದಕ್ಕೂ ದಾಖಲೆ ಇದೆ, ಅಚ್ಚುಕಟ್ಟು.
ನೀಲವ್ವ ಆಮೇಲೂ ಇಪ್ಪತ್ತೈದು ವರ್ಷ
ಗಜೇಂದ್ರಗಡದ ಸಂತೆಯಲ್ಲಿ ಹಸಿರು ಬಳೆ ಇಡಿಸಿಕೊಂಡಳು.
ಯಾರಾದರೂ ಆಡಿದರೆ ಕೈ ಮುಂದೆ ಚಾಚಿ,
"ಸತ್ತಾನಂತ ಯಾರರ ಕಾಗದ ಬರದಾರೇನ?"

ಬರೆದಿದ್ದರು, ಅವ್ವಾ.
ನಕಲಿಗೆ ಹನ್ನೆರಡು ಡಾಲರು.

ಹೊರಬಂದರೆ ಸಮುದ್ರದ ಗಾಳಿ, ಎದುರು ಬೀದಿಯಲ್ಲೊಂದು ವ್ಯಾನು.
ಪಕ್ಕೆಯ ಮೇಲೆ ನೀಲಿ ಅಕ್ಷರ:
ವೀಪರ್ ಅಂಡ್ ಸನ್ಸ್,
ಸೋರುವ ನಳಗಳ ದುರಸ್ತಿ.
ನಗು ತಡೆಯಲಾಗದೆ ಕಂಬ ಹಿಡಿದು ನಿಂತೆ.
ಒಳಗೆ ಯಾರೋ ರೊಟ್ಟಿ ತಿನ್ನುತ್ತಿದ್ದ, ಮುಖ ಆ ಕಡೆಗೆ,
ಕಿವಿ ಮಾತ್ರ ಕಾಣುತ್ತಿತ್ತು.

ಸೀಸದಕಡ್ಡಿ ವಾಪಸು ಕೊಡುವುದು ಮರೆತಿದ್ದೆ.
ಫೋನ್ ನಂಬರು ಬರೆದುಕೊಂಡೆ,
ಷರಾದಲ್ಲಿ.